ಯಾವ ಬೆಟ್ಟವನ್ನು ಹತ್ತೋಣ?

ಮಲೆನಾಡಿನ ಕಠಿನವಾದ ಬೆಟ್ಟವೊಂದನ್ನು ಹತ್ತಬೇಕೆಂದು ಹೊರಡುವ ನಮ್ಮ ಹುತ್ತೂರಿನ ಗೆಳೆಯರು ಮೊದಲು ಕೇಳುವುದು ಅದರ ಎತ್ತರವನ್ನು. ಹತ್ತಲು ತೊಡಗುವ ನೆಲ ಎಷ್ಟು ತಗ್ಗಿನಲ್ಲಿದೆಯೆಂದು ಕೇಳುವುದೇ ಮೇಲೆಂದು ನನ್ನ ಅಭಿಪ್ರಾಯ.

ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯೇ ಕರ್ನಾಟಕದ ಅತ್ಯುನ್ನತ ಶಿಖರ. ಆದರೆ ರಸ್ತೆಯು ಅದರ ನೆತ್ತಿಯ ಸಮೀಪದವರೆಗೂ ಹೋಗುತ್ತದೆ, ಉಳಿದುದು ಮೆಟ್ಟಿಲು. ಕುಮಾರಪರ್ವತ 1,712 ಮೀಟರ್ ಮಾತ್ರ. ಆದರೂ ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟವನು 1,500 ಮೀಟರಿಗೂ ಮಿಗಿಲಾಗಿ ಕಾಲ್ನಡಿಗೆಯಲ್ಲೇ ಏರಬೇಕು. ಕೆಳಗೆ ದಟ್ಟವಾದ ಕಾಡು, ಮೇಲೆ ನೆರಳಿಲ್ಲದ ಹುಲ್ಲುಗಾವಲು. ಇಳಿಯುವಾಗ ಮೊಣಕಾಲಿಗೆ ಪರೀಕ್ಷೆ.

ಆದುದರಿಂದ ಮೊದಲು ಕೋಲಾರದ ಅಂತರಗಂಗೆ ಬೆಟ್ಟವನ್ನು ನೀರು, ಬುತ್ತಿ ಹೊತ್ತು ಎಲ್ಲರೂ ಕೂಡಿ ಹತ್ತಿ ನೋಡಬೇಕು. ಗುಂಪಿನಲ್ಲಿ ಎಲ್ಲರಿಗಿಂತ ಹಿಂದೆ ಬೀಳುವವನ ಕಾಲಿಗೆ ತಕ್ಕ ಬೆಟ್ಟವನ್ನೇ ಆರಿಸಬೇಕು. ಕತ್ತಲಾದ ಕಾಡಿನಲ್ಲಿ ಅವನೊಬ್ಬನನ್ನೇ ಬಿಟ್ಟು ಬರಲಾದೀತೆ?