ಚಿಂಚೋಳಿಯಿಂದ ದಿಲ್ಲಿಗೆ: ರಜೆಯಾಗ ನಾಲ್ಕು ಟಿಕೆಟ್

ಸಾಲಿ ರಜೆಗೆ ಮಕ್ಕಳನ್ನ ಕರ್ಕೊಂಡು ವಿಮಾನದಾಗ ದಿಲ್ಲಿಗೆ ಹೊಂಟೀರೇನ್ರಿ? ಟಿಕೆಟ್ ತಗೊಳ್ಳೋ ಮೊದಲು ಇದನ್ನ ಕೇಳ್ರಿ.

ನಾಲ್ಕು ಮಂದಿಗೆ ಒಮ್ಮೆಲೆ ಹುಡುಕಬ್ಯಾಡ್ರಿ, ಮೊದಲು ಒಬ್ಬರಿಗೆ ನೋಡ್ರಿ. ಯಾಕಂದ್ರ ಒಂದೇ ವಿಮಾನದ ಸೀಟುಗಳನ್ನ ಬ್ಯಾರೆ ಬ್ಯಾರೆ ದರದಾಗ ಮಾರ್ತಾರ. ಅಗ್ಗದ ದರದಾಗ ಎರಡೇ ಸೀಟು ಉಳಿದಿದ್ದು ನೀವು ನಾಲ್ಕು ಕೇಳಿದ್ರ, ಸಾಮಾನ್ಯವಾಗಿ ನಾಲ್ಕಕ್ಕೂ ಮ್ಯಾಲಿನ ದರ ಬೀಳ್ತದ. ಒಬ್ಬರ ದರ ಕಡಿಮಿ ಕಂಡ್ರ ಎರಡೆರಡಾಗಿ ತಗೊಳ್ರಿ. ಮಗುವಿನ ಜೋಡಿ ಅದೇ ಟಿಕೆಟಿನಾಗ ಒಬ್ಬರು ದೊಡ್ಡವರು ಇರಲೇಬೇಕು.

ಎರಡು ವರ್ಷ ತುಂಬದ ಕೂಸು ತೊಡಿ ಮ್ಯಾಲೆ ಕೂಡ್ತದ, ರೊಕ್ಕ ಕಡಿಮಿ. ಎರಡು ತುಂಬಿದ್ರ ಸೀಟು ಬೇಕು. ವಾಪಸ್ ಬರೋ ದಿನದ ವಯಸ್ಸೂ ಲೆಕ್ಕ ಹಾಕ್ರಿ.

ಕಲಬುರಗಿ ನಿಲ್ದಾಣ 2019ರ ನವೆಂಬರ್ 22ಕ್ಕ ಉದ್ಘಾಟನೆ ಆತು, ನಮ್ಮ ಹೆಮ್ಮೆ. ಆದ್ರ ಅಲ್ಲಿಗೆ ಬಂದವು ಸಣ್ಣ ವಿಮಾನ, ಸೀಟು ಕಡಿಮಿ. ದರಕ್ಕ ದರ ನೋಡಬೇಕಂದ್ರ ತಾಂಡೂರ ದಾರಿ ಹಿಡಿದು ಹೈದರಾಬಾದಿನ ಶಂಶಾಬಾದಿಗೇ ಹೋಗಬೇಕು. ನಸುಕಿನ ವಿಮಾನ ಅಗ್ಗ ಅಂತ ರಾತ್ರಿ ಕಾರು ಮಾಡಿದ್ರ ಉಳಿಸಿದ ರೊಕ್ಕ ಅಲ್ಲೇ ಹೋಗ್ತದ. ಬಸ್ಸಿಗೆ ಹೊಂದೋ ಹೊತ್ತು ಆರಿಸ್ರಿ.

ಇನ್ನೊಂದು ಮಾತು, ಇದೇ ನನಗ ಭಾಳ ಮುಖ್ಯ ಅನಸ್ತದ. ನಮ್ಮ ಸರ್ಕಾರಿ ಸಾಲಿಗೆ ಸಾಮಾನ್ಯವಾಗಿ ಏಪ್ರಿಲ್ ಎರಡನೇ ವಾರ ರಜೆ, ತೆಲಂಗಾಣದಾಗ ಏಪ್ರಿಲ್ ಕೊನಿ ವಾರ. ಹೈದರಾಬಾದಿನ ಮಂದಿ ಹೊರಡೋ ಮೊದಲೇ, ನಡುವಿನ ಆ ದಿನಗಳಾಗ ಮಂಗಳವಾರ ಇಲ್ಲಾ ಬುಧವಾರದ ದರ ಇವತ್ತೇ ನೋಡ್ರಿ.