ಸೋಯಾ ಸಾಸಿನ ಸ್ಪಾಗೆಟ್ಟಿ: ಆರ್ಡರ್ ಮಾಡುವ ಮುನ್ನ

ಗಂಗಾವತಿಯ ಮನೆಗಳಲ್ಲಿ ಮಗನೋ ಮಗಳೋ ಬೆಂಗಳೂರಿನಲ್ಲಿ ಕೆಲಸಕ್ಕಿರುವುದು ಈಗ ಸಾಮಾನ್ಯ. ನೋಡಿ ಬರೋಣವೆಂದು ಹೋದಾಗ ಅವರು ಉತ್ಸಾಹದಿಂದ ಹೇಳುತ್ತಾರೆ: "ಅವ್ವಾ, ಇವತ್ತ ರಾತ್ರಿ ಜಪಾನಿ-ಇಟಾಲಿಯನ್ ಹೋಟೆಲಿಗೆ ಊಟಕ್ಕ ಹೋಗೂಣು." ಹೋಗಿ ಕುಳಿತ ಮೇಲೆ ಮೆನು ಕೈಗೆ ಬರುತ್ತದೆ. ಒಂದು ಹೆಸರೂ ಪರಿಚಯದ್ದಲ್ಲ. ಇದು ಸಸ್ಯಾಹಾರವೋ ಅಲ್ಲವೋ? ಖಾರ ಇದೆಯೋ ಇಲ್ಲವೋ? ಬಿಲ್ ಎಷ್ಟಾದೀತು? ಒಂದೊಂದಾಗಿ ನೋಡೋಣ.

ಏನಿದು ಊಟ?

ಎರಡು ದೇಶಗಳ ಅಡುಗೆ ಬೆರೆಸುವುದಕ್ಕೆ ಫ್ಯೂಷನ್ ಎನ್ನುತ್ತಾರೆ. ಹೊಸದೇನಲ್ಲ. ನಮ್ಮ ಸಂಜೆ ಗಾಡಿಯ ಗೋಬಿ ಮಂಚೂರಿಯೂ ಫ್ಯೂಷನ್ನೇ. ಹೂಕೋಸು ನಮ್ಮ ಸಂತೆಯದು, ಸೋಯಾ ಸಾಸ್ ಚೀನಾದ್ದು.

ಜಪಾನಿಗರು ಇಟಲಿ ಅಡುಗೆಯನ್ನು 'ಇತಾಮೇಶಿ' ಎಂದು ಕರೆಯುತ್ತಾರೆ. 'ಇತಾ' ಅಂದರೆ ಇಟಲಿ. 'ಮೇಶಿ' ಅಂದರೆ ಅನ್ನ, ಊಟ ಎರಡೂ ಹೌದು. ಊಟವಾಯಿತೇ ಎನ್ನಲು ಅನ್ನ ಉಂಡಿರಾ ಎಂದು ಕೇಳುವ ನಮಗೆ ಇದು ತಟ್ಟನೆ ಅರ್ಥವಾಗುತ್ತದೆ. ತುಂಗಭದ್ರಾ ಅಣೆಕಟ್ಟು ಸಿದ್ಧವಾದ 1953ರಲ್ಲೇ ಟೋಕಿಯೊದಲ್ಲಿ 'ಕಾಬೆ ನೊ ಆನಾ' ಎಂಬ ಪುಟ್ಟ ಹೋಟೆಲ್ ತೆರೆಯಿತು. ಹೆಸರಿನ ಅರ್ಥ 'ಗೋಡೆಯ ತೂತು'. ಇಟಲಿಯ ಸ್ಪಾಗೆಟ್ಟಿಗೆ ಸೋಯಾ ಸಾಸ್, ಮೀನಿನ ಮೊಟ್ಟೆ, ಅಣಬೆ ಸೇರಿಸಿ ಅದು ಹೆಸರಾಯಿತು. ಈ ಬಗೆಯ ಪಾಸ್ತಾಕ್ಕೆ 'ವಾಫು', ಅಂದರೆ ಜಪಾನಿ ಶೈಲಿಯದು ಎನ್ನುತ್ತಾರೆ.

ಎರಡೂ ಹೇಗೆ ಹೊಂದುತ್ತವೆ?

ಗುಟ್ಟು ರುಚಿಯಲ್ಲಿದೆ. 1908ರಲ್ಲಿ ಟೋಕಿಯೊದ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ ಕೊಂಬು ಎಂಬ ಕಡಲಪಾಚಿಯ ಸಾರಿನಿಂದ ಗ್ಲುಟಮೇಟ್ ಎಂಬ ಅಂಶವನ್ನು ಬೇರ್ಪಡಿಸಿದರು. ಅದರ ರುಚಿಗೆ 'ಉಮಾಮಿ' ಎಂದು ಹೆಸರಿಟ್ಟರು. ಸಿಹಿ, ಹುಳಿ, ಉಪ್ಪು, ಕಹಿ ಬಿಟ್ಟು ಐದನೆಯ ರುಚಿ ಇದು. ಗೋಬಿ ಗಾಡಿಯವರು ಉದುರಿಸುವ ಅಜಿನೊಮೊಟೊ ಇದೇ ಗ್ಲುಟಮೇಟಿನ ಪುಡಿ. ಜಪಾನಿನ ಸೋಯಾ ಸಾಸ್, ಮಿಸೊಗಳಲ್ಲಿ ಉಮಾಮಿ ತುಂಬಿದೆ. ಇಟಲಿಯ ಟೊಮೆಟೊ, ಹಳೆಯ ಚೀಸ್‌ಗಳಲ್ಲೂ ಅದೇ ಇದೆ. ಹಾಗಾಗಿ ಎರಡೂ ಒಂದೇ ತಟ್ಟೆಯಲ್ಲಿ ಜಗಳವಾಡುವುದಿಲ್ಲ.

ಮೆನು ಓದುವುದು ಹೇಗೆ?

ಪಾಸ್ತಾ ಅಂದರೆ ನಮ್ಮ ಶಾವಿಗೆ, ಗವಲಿ, ಪರಡಿಗಳ ದಾಯಾದಿ. ಇದನ್ನು ಡ್ಯೂರಮ್ ಗೋಧಿಯ ರವೆಯಿಂದ ಮಾಡುತ್ತಾರೆ. ನಾವು ಉಪ್ಪಿಟ್ಟಿಗೆ ತರುವ ಬನ್ಸಿ ರವೆಯೂ ಅದೇ ಜಾತಿಯ ಗೋಧಿಯದು. ಉದ್ದ ಎಳೆಯದು ಸ್ಪಾಗೆಟ್ಟಿ. ಉಡೊನ್ ಅಂದರೆ ಜಪಾನಿನ ದಪ್ಪ ಗೋಧಿ ಶಾವಿಗೆ. ಮಿಸೊ ಅಂದರೆ ಸೋಯಾ ಕಾಳನ್ನು ಹುದುಗಿಸಿ ಮಾಡಿದ ಉಪ್ಪುಪ್ಪಾದ ಮುದ್ದೆ.

ರಿಸೊಟ್ಟೊ ಅಂದರೆ ಅಕ್ಕಿಯನ್ನು ಸಾರಿನಲ್ಲಿ ಕಲಕುತ್ತಾ ಹುಗ್ಗಿಯ ಹದಕ್ಕೆ ಬೇಯಿಸಿದ್ದು. ಸುಶಿಯಲ್ಲಿ ಅನ್ನವನ್ನು ಒತ್ತಿ ಸುತ್ತಿರುತ್ತಾರೆ. "ಅಕ್ಕಿಯ ಊರಿನವರು ನಾವು, ನಮ್ಮ ಸೋನಾ ಮಸೂರಿಯಲ್ಲಿ ಇದಾಗದೇ?" ಎಂದು ನೀವು ಕೇಳಬಹುದು. ಸರಿಯಾಗಿ ಆಗದು. ಅಕ್ಕಿಯ ಪಿಷ್ಟದಲ್ಲಿ ಎರಡು ಬಗೆ. ಅಮೈಲೋಸ್ ಹೆಚ್ಚಿದ್ದರೆ ಅನ್ನ ಉದುರುದುರು, ಅಮೈಲೊಪೆಕ್ಟಿನ್ ಹೆಚ್ಚಿದ್ದರೆ ಅಂಟಂಟು. ಸೋನಾ ಮಸೂರಿ ಮೊದಲ ಗುಂಪಿಗೆ ಸೇರಿದ್ದು, ಸಾರು ಕಲಸಿ ಉಣ್ಣಲು ಹೇಳಿ ಮಾಡಿಸಿದ್ದು. ಜಪಾನಿನ ಗಿಡ್ಡ ಅಕ್ಕಿ, ಇಟಲಿಯ ಆರ್ಬೊರಿಯೊ ಅಕ್ಕಿ ಅಂಟುವ ಗುಂಪಿನವು.

ತಟ್ಟೆಯ ಅಂಚಿನಲ್ಲಿ ಹಸಿರು ಮುದ್ದೆ ಕಂಡರೆ ಪುದಿನಾ ಚಟ್ನಿ ಎಂದು ಬಾಯಿಗಿಡಬೇಡಿ. ಅದು ವಸಾಬಿ. ಅದರ ಖಾರ ನಾಲಿಗೆಗಿಂತ ಮೂಗಿಗೆ ಹೊಡೆಯುತ್ತದೆ. ಮಕ್ಕಳ ಕೈಗೆ ಎಟುಕದಂತೆ ಇಡಿ.

ಸಸ್ಯಾಹಾರಿಗಳು ಏನು ಕೇಳಬೇಕು?

ತರಕಾರಿ ಕಂಡ ಮಾತ್ರಕ್ಕೆ ಸಸ್ಯಾಹಾರವಾಗದು. ಆರ್ಡರ್‌ಗೆ ಮೊದಲೇ ಮೂರು ಪ್ರಶ್ನೆ ಕೇಳಿ.

ಒಂದು, "ಸೂಪಿಗೆ, ಸಾಸಿಗೆ ಯಾವ ದಾಶಿ ಹಾಕಿದ್ದೀರಿ?" ದಾಶಿ ಜಪಾನಿ ಅಡುಗೆಯ ಮೂಲ ಸಾರು. ಸಾಮಾನ್ಯವಾಗಿ ಅದರಲ್ಲಿ ಒಣಮೀನಿನ ಹೆರೆ ಇರುತ್ತದೆ. ಕೊಂಬು ಅಥವಾ ಅಣಬೆಯಿಂದಷ್ಟೇ ಮಾಡಿದ್ದು ನಡೆಯುತ್ತದೆ.

ಎರಡು, "ಚೀಸ್ ಯಾವುದು?" ಇಟಲಿಯ ಅಸಲಿ ಪಾರ್ಮೆಸಾನ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಸಸ್ಯಾಹಾರಿ ರೆನೆಟ್‌ನ ಚೀಸ್ ಇದೆಯೇ ಎಂದು ವಿಚಾರಿಸಿ.

ಮೂರು, "ಮೊಟ್ಟೆ, ಮದ್ಯ, ಜೆಲಟಿನ್ ಏನಾದರೂ ಇದೆಯೇ?" ತಿರಮಿಸು ಎಂಬ ಸಿಹಿಯಲ್ಲಿ ಹಸಿ ಮೊಟ್ಟೆ ಇರಬಹುದು. ಪನ್ನಕೊಟ್ಟದಲ್ಲಿ ಪ್ರಾಣಿಮೂಲದ ಜೆಲಟಿನ್ ಇರುತ್ತದೆ. ಮಿರಿನ್ ಎಂಬುದು ಅಡುಗೆಗೆ ಹಾಕುವ ಸಿಹಿ ಅಕ್ಕಿ ಮದ್ಯ.

ಬಿಪಿ ಇರುವವರು ಸೋಯಾ ಸಾಸ್ ಕಡಿಮೆ ಹಾಕಲು ಹೇಳಿ. ಅದರಲ್ಲಿ ಉಪ್ಪು ಬಹಳ. ಗೋಧಿ ಆಗದವರಿಗೂ ಅದು ಆಗದು, ಏಕೆಂದರೆ ಸಾಮಾನ್ಯ ಸೋಯಾ ಸಾಸಿನಲ್ಲಿ ಗೋಧಿಯೂ ಇರುತ್ತದೆ.

ಖರ್ಚು ಎಷ್ಟು?

ತಲೆಗೊಂದು ತಟ್ಟೆ ತರಿಸಬೇಡಿ. ನಾಲ್ವರಿದ್ದರೆ ಮೊದಲು ಎರಡು ಬಗೆ ತರಿಸಿ ಹಂಚಿಕೊಳ್ಳಿ. ಹಿಡಿಸಿದ್ದನ್ನು ಮತ್ತೆ ಹೇಳಿ. ಚಾಪ್‌ಸ್ಟಿಕ್ ಬಾರದಿದ್ದರೆ ಫೋರ್ಕ್ ಕೇಳಿ, ಸಂಕೋಚ ಬೇಡ.

ಬಿಲ್ ಓದುವುದು ಮುಖ್ಯ. ಸಾಮಾನ್ಯ ರೆಸ್ಟೋರೆಂಟಿನಲ್ಲಿ ಜಿಎಸ್‌ಟಿ ಶೇ. 5. ಊಟ 3,000 ರೂಪಾಯಿಯದಾದರೆ ತೆರಿಗೆ 150, ಒಟ್ಟು 3,150. ಕೋಣೆ ಬಾಡಿಗೆ ದಿನಕ್ಕೆ 7,500 ರೂಪಾಯಿ ಮೀರುವ ದೊಡ್ಡ ಹೋಟೆಲಿನೊಳಗೆ ಉಂಡರೆ ತೆರಿಗೆ ಶೇ. 18. ಕೆಲವೆಡೆ ಶೇ. 10 'ಸರ್ವಿಸ್ ಚಾರ್ಜ್' ಸೇರಿಸುತ್ತಾರೆ. ಆಗ ಅದರ ಮೇಲೂ ಶೇ. 5 ತೆರಿಗೆ ಬಿದ್ದು, ಅದೇ 3,000ದ ಊಟ 3,465 ರೂಪಾಯಿ ಆಗುತ್ತದೆ. ಸರ್ವಿಸ್ ಚಾರ್ಜ್ ತೆರಿಗೆಯಲ್ಲ. ಗ್ರಾಹಕರನ್ನು ಕೇಳದೆ ಇದನ್ನು ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಎಂದು ನಯವಾಗಿ ಹೇಳಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಊರಲ್ಲೇ ತಿನ್ನಬೇಕೆಂದರೆ?

ವಿದೇಶಿ ಪ್ರವಾಸಿಗರು ಬರುವ ಆನೆಗೊಂದಿ, ಸಾಣಾಪುರ ಕಡೆ ಪಾಸ್ತಾ, ಪಿಜ್ಜಾ ಸಿಗುತ್ತವೆ. ಜಪಾನಿ ಬೆರಕೆ ಬೇಕಾದರೆ ಮನೆಯೇ ಸುಲಭ. ಡ್ಯೂರಮ್ ಸ್ಪಾಗೆಟ್ಟಿ, ಸೋಯಾ ಸಾಸ್, ಅಣಬೆ ದೊಡ್ಡ ಕಿರಾಣಿ ಅಂಗಡಿಯಲ್ಲಿ ಅಥವಾ ಆನ್‌ಲೈನಿನಲ್ಲಿ ಕೊಳ್ಳಬಹುದು.

ಇಬ್ಬರಿಗೆ 200 ಗ್ರಾಂ ಸ್ಪಾಗೆಟ್ಟಿ ಸಾಕು. 2 ಲೀಟರ್ ನೀರು ಕುದಿಸಿ, ತುಸು ಉಪ್ಪು ಹಾಕಿ ಬೇಯಿಸಿ. ಬಸಿಯುವ ಮುನ್ನ ಒಂದು ಬಟ್ಟಲು ಗಂಜಿ ತೆಗೆದಿಡಿ. ಬಾಣಲೆಯಲ್ಲಿ ಎರಡು ಚಮಚ ಬೆಣ್ಣೆ ಕಾಯಿಸಿ, ಜಜ್ಜಿದ ಬೆಳ್ಳುಳ್ಳಿ ಮತ್ತು ಅಣಬೆ ಹುರಿಯಿರಿ. ಒಂದೂವರೆ ಚಮಚ ಸೋಯಾ ಸಾಸ್ ಹಾಕಿ. ಸ್ಪಾಗೆಟ್ಟಿ, ಸ್ವಲ್ಪ ಗಂಜಿ ಸೇರಿಸಿ ಕಲಕಿ. ಗಂಜಿಯ ಪಿಷ್ಟವೇ ಬೆಣ್ಣೆ, ಸಾಸ್ ಎರಡನ್ನೂ ಎಳೆಗೆ ಅಂಟಿಸುತ್ತದೆ. ಮೇಲೆ ಈರುಳ್ಳಿ ತಪ್ಪಲು ಹೆಚ್ಚಿ ಉದುರಿಸಿ, ಮೆಣಸಿನ ಪುಡಿ ಹಾಕಿ.

ಬೆಂಗಳೂರಿಗೆ ಹೊರಡುವ ಮುಂಚೆ ಇದನ್ನೊಮ್ಮೆ ಮಾಡಿ ನೋಡಿ. ಮನೆಯವರಿಗೆ ರುಚಿ ಹಿಡಿಸದಿದ್ದರೆ ಮಗನಿಗೆ ಮೊದಲೇ ಹೇಳಿಬಿಡಿ, ಖಾನಾವಳಿಗೇ ಕರೆದುಕೊಂಡು ಹೋಗಲಿ.