ತಿಂಗಳು ತುಂಬದೆ ಹುಟ್ಟಿದ ಮಗುವಿನ ವಯಸ್ಸನ್ನು ಎಣಿಸುವ ಬಗೆ

ಕಳೆದ ಗೌರಿ ಹಬ್ಬದ ಸಮಯದಲ್ಲಿ ಕೂಟಗಲ್ ಕಡೆಯ ಅಜ್ಜಿಯೊಬ್ಬರು ಸೊಸೆಯನ್ನೂ ಎಂಟು ತಿಂಗಳ ಮೊಮ್ಮಗನನ್ನೂ ಕರೆದುಕೊಂಡು ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. “ಪಕ್ಕದ ಮನೆ ಕೂಸೂ ನಮ್ಮದೂ ಒಂದೇ ವಾರದಲ್ಲಿ ಹುಟ್ಟಿದ್ದು ಡಾಕ್ಟ್ರೇ. ಅದು ಕೂತ್ಕೊಂಡು ಆಡ್ತದೆ, ನಮ್ಮದು ಇನ್ನೂ ವಾಲ್ತದೆ. ಬೆನ್ನಿಗೆ ಯಾವುದಾದ್ರೂ ಎಣ್ಣೆ ಕೊಡಿ” ಎಂದರು. ಸೊಸೆ ತಲೆ ತಗ್ಗಿಸಿ ನಿಂತಿದ್ದಳು. ಅವಳ ಹಾಲಿನಲ್ಲಿಯೇ ಸತ್ತ್ವವಿಲ್ಲವೆಂಬ ಮಾತನ್ನು ಮನೆಯಲ್ಲಿ ಅದಾಗಲೇ ಹಲವು ಬಾರಿ ಕೇಳಿದ್ದಳು.

ನಾವು ಎಣ್ಣೆಯ ಬದಲು ತಾಯಿ ಕಾರ್ಡನ್ನು ಕೇಳಿದೆವು. ಮಗು 32 ವಾರಕ್ಕೇ ಜನಿಸಿತ್ತು. ಪೂರ್ಣ ಗರ್ಭಾವಧಿ 40 ವಾರ; 37 ವಾರ ತುಂಬುವ ಮೊದಲೇ ಜನಿಸಿದ ಶಿಶುವನ್ನು ಅವಧಿಪೂರ್ವ ಶಿಶುವೆನ್ನುತ್ತೇವೆ. ಈ ಮಗು 8 ವಾರ, ಅಂದರೆ ಸುಮಾರು ಎರಡು ತಿಂಗಳು ಮೊದಲೇ ಬಂದಿತ್ತು. ಎಂಟರಲ್ಲಿ ಎರಡನ್ನು ಕಳೆದರೆ ಆರು. ಬೆಳವಣಿಗೆಯ ಲೆಕ್ಕಕ್ಕೆ ಅದು ಆರು ತಿಂಗಳ ಮಗು. ಕತ್ತು ನಿಂತಿತ್ತು, ಮಗುಚಿಕೊಳ್ಳುತ್ತಿತ್ತು, ಆಸರೆ ಕೊಟ್ಟರೆ ಕೂರುತ್ತಿತ್ತು. ಆರು ತಿಂಗಳಿಗೆ ಅಷ್ಟು ಸಾಕು.

ಹೀಗೆ ಮುಂಚಿತವಾಗಿ ಬಂದ ವಾರಗಳನ್ನು ಕಳೆದು ಪಡೆಯುವ ವಯಸ್ಸೇ ‘ಸರಿಪಡಿಸಿದ ವಯಸ್ಸು’. ರೇಷ್ಮೆ ಸಾಕುವ ನಮ್ಮ ಸೀಮೆಯವರಿಗೆ ಇದು ಕಷ್ಟದ ಮಾತಲ್ಲ. ಬೇರೆ ಬೇರೆ ದಿನ ಮೊಟ್ಟೆಯೊಡೆದ ಹುಳುಗಳನ್ನು ಒಂದೇ ದಿನ ಚಂದ್ರಿಕೆಗೆ ಹಾಕುವವರಾರು? ಮಿದುಳು ಮತ್ತು ನರಗಳು ಗರ್ಭ ನಿಂತ ದಿನದಿಂದ ಬೆಳೆಯುತ್ತವೆಯೇ ಹೊರತು ಹೆರಿಗೆಯ ದಿನದಿಂದಲ್ಲ. ಆದುದರಿಂದ ಎರಡು ವರ್ಷ ತುಂಬುವವರೆಗೆ ಬೆಳವಣಿಗೆಯ ಹಂತಗಳನ್ನೂ ತೂಕ, ಎತ್ತರಗಳನ್ನೂ ಸರಿಪಡಿಸಿದ ವಯಸ್ಸಿನಿಂದಲೇ ಅಳೆಯಬೇಕು.

ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯವೂ ಒಂದು. ಅದಕ್ಕೆ ಆಧಾರವಾದ ಕಾಶ್ಯಪ ಸಂಹಿತೆಯು ವರ್ಷ ತುಂಬಿದರೂ ನಡೆಯದ ಮಗುವಿನ ಸ್ಥಿತಿಯನ್ನು ‘ಫಕ್ಕ’ವೆಂದು ಕರೆದು, ನಡಿಗೆಯ ಅಭ್ಯಾಸಕ್ಕೆ ಮೂರು ಗಾಲಿಯ ಪುಟ್ಟ ರಥವನ್ನೂ ಹೇಳುತ್ತದೆ. ಆದರೆ ತಿಂಗಳು ತುಂಬದ ಶಿಶುವಿಗೆ ಆ ವರ್ಷವನ್ನು ಹುಟ್ಟಿದ ದಿನದಿಂದ ಎಣಿಸಿದರೆ ಇಲ್ಲದ ರೋಗವನ್ನು ಅಂಟಿಸಿದಂತಾಗುತ್ತದೆ. ಆರೋಗ್ಯವಂತ ಮಕ್ಕಳಲ್ಲಿಯೂ ಕೆಲವರು ಸ್ವತಂತ್ರವಾಗಿ ನಡೆಯುವುದು 18 ತಿಂಗಳ ಹೊತ್ತಿಗೆ ಎಂಬುದನ್ನು ಇಂದು ಬಲ್ಲೆವು.

ಸರಿಪಡಿಸಿದ ವಯಸ್ಸಿನಲ್ಲಿ ಸ್ಥೂಲವಾಗಿ ಈ ಕ್ರಮವನ್ನು ನಿರೀಕ್ಷಿಸಬಹುದು: ಎರಡು ತಿಂಗಳಿಗೆ ಮುಖ ನೋಡಿ ನಗುವುದು; ನಾಲ್ಕಕ್ಕೆ ಕತ್ತು ನಿಲ್ಲುವುದು; ಆರರ ಸುಮಾರಿಗೆ ಮಗುಚಿಕೊಳ್ಳುವುದು; ಎಂಟು ಒಂಬತ್ತರೊಳಗೆ ಆಸರೆಯಿಲ್ಲದೆ ಕೂರುವುದು; ವರ್ಷದ ಆಸುಪಾಸಿನಲ್ಲಿ ಹಿಡಿದು ನಿಲ್ಲುವುದು, ಒಂದೆರಡು ಮಾತು; ಎರಡು ವರ್ಷಕ್ಕೆ ಎರಡು ಪದ ಕೂಡಿಸಿ ನುಡಿಯುವುದು.

ಆದರೆ ಎಲ್ಲಕ್ಕೂ ಈ ಲೆಕ್ಕ ಸಲ್ಲದು. ಲಸಿಕೆಗಳನ್ನು ಹುಟ್ಟಿದ ದಿನದಿಂದಲೇ ಎಣಿಸಿ ಹಾಕಿಸಬೇಕು. ಮಗು ಚಿಕ್ಕದೆಂದು ಮುಂದೂಡಬಾರದು. ಕಣ್ಣಿನ ಪರೀಕ್ಷೆಯೂ ಹಾಗೆಯೇ. ಬೇಗ ಹುಟ್ಟಿದವರಲ್ಲಿ ಅಕ್ಷಿಪಟಲದ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಅವು ವಕ್ರವಾಗಿ ಬೆಳೆದರೆ ಕುರುಡುತನ ಬರಬಹುದು. ಹೊರಗಿನಿಂದ ನೋಡಿದರೆ ಕಣ್ಣು ಸರಿಯಾಗಿಯೇ ಕಾಣುತ್ತದೆ. 34 ವಾರಕ್ಕೆ ಮುಂಚೆ ಅಥವಾ 2 ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಶಿಶುವಿಗೆ 30 ದಿನದೊಳಗೆ ಈ ಪರೀಕ್ಷೆ ಆಗಲೇಬೇಕು. ಇನ್ನೂ ಚಿಕ್ಕ ಶಿಶುಗಳಿಗೆ ಅದಕ್ಕೂ ಮೊದಲೇ. ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ಆರಂಭಿಸಿದ ‘ಕಿಡ್ರಾಪ್’ ಯೋಜನೆಯಲ್ಲಿ ತಂತ್ರಜ್ಞರೇ ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗುತ್ತಾರೆ. ಕಿವಿಯ ಪರೀಕ್ಷೆಯನ್ನೂ ಮರೆಯಬಾರದು.

ಇನ್ನೊಂದು ಮಾತನ್ನು ಸಂಕೋಚದಿಂದಲೇ ಬರೆಯುತ್ತೇವೆ. ವೃತ್ತಿಯ ಆರಂಭದ ದಿನಗಳಲ್ಲಿ ಒಬ್ಬ ತಾಯಿ ತನ್ನ ಮಗು ಒಂದು ಕೈಯನ್ನು ಸದಾ ಮುಷ್ಟಿ ಕಟ್ಟಿರುತ್ತದೆ, ಆಟಿಕೆಗೆ ಇನ್ನೊಂದನ್ನೇ ಚಾಚುತ್ತದೆ ಎಂದಳು. “ಏಳು ತಿಂಗಳಿಗೆ ಹುಟ್ಟಿದ ಕೂಸಮ್ಮ, ನಿಧಾನವಾಗಿ ಸರಿಹೋಗುತ್ತದೆ” ಎಂದು ಕಳುಹಿಸಿದೆವು. ಅದು ಮಿದುಳಿನ ತೊಂದರೆಯಾಗಿತ್ತು. ವ್ಯಾಯಾಮ ಚಿಕಿತ್ಸೆ ಶುರುವಾಗುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು. ಆ ತಾಯಿ ಸರಿಯಾಗಿಯೇ ಕಂಡಿದ್ದಳು. ಕಾಯಿಸಿದ ತಪ್ಪು ನಮ್ಮದು.

ಸರಿಪಡಿಸಿದ ವಯಸ್ಸು ಅಳತೆಗೋಲೇ ಹೊರತು ಸಮಾಧಾನದ ಮಾತಲ್ಲ. ವಾರಗಳನ್ನು ಕಳೆದ ಮೇಲೂ ಮಗು ಮೂರು ತಿಂಗಳಿಗೆ ನಗದಿದ್ದರೆ, ಐದಕ್ಕೆ ಕತ್ತು ನಿಲ್ಲದಿದ್ದರೆ, ಹತ್ತಕ್ಕೆ ಕೂರದಿದ್ದರೆ, ಹದಿನೆಂಟಕ್ಕೆ ನಡೆಯದಿದ್ದರೆ ಮಕ್ಕಳ ತಜ್ಞರನ್ನು ಕಾಣಬೇಕು. ಮೈ ಬಿಗಿಯಾಗಿದ್ದರೆ ಅಥವಾ ಜೋತುಬಿದ್ದರೆ, ಒಂದೇ ಕೈಯನ್ನು ಬಳಸಿದರೆ, ಶಬ್ದಕ್ಕೆ ಬೆಚ್ಚದಿದ್ದರೆ, ಕಲಿತದ್ದನ್ನು ಮರೆತರೆ ಯಾವ ಲೆಕ್ಕವನ್ನೂ ಹಾಕದೆ ಕೂಡಲೇ ಹೋಗಬೇಕು. 2013ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಇಂಥ ತಪಾಸಣೆ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ಅಭ್ಯಂಗ ಒಳ್ಳೆಯದೇ. ಆದರೆ ಈ ಶಿಶುಗಳ ಚರ್ಮ ಬಹು ಮೃದು; ವೈದ್ಯರು ಒಪ್ಪಿದ ಮೇಲೆ ಹಗುರ ಕೈಯಿಂದ ಹಚ್ಚಬೇಕು. ಕೀಲುಗಳನ್ನು ಎಳೆಯುವುದು, ಮೂಗು ಕಿವಿಗಳಿಗೆ ಎಣ್ಣೆ ಬಿಡುವುದು, ಬಜೆ ತೇದು ನೆಕ್ಕಿಸುವುದು ಸಲ್ಲದು.

ಅಜ್ಜಿ ಬೆರಳು ಮಡಿಸಿ ಎರಡು ಬಾರಿ ಲೆಕ್ಕ ಹಾಕಿದರು. ಬಳಿಕ ಸೊಸೆಯ ಕಡೆ ತಿರುಗಿ, “ಕೂಸನ್ನ ನನ್ನ ಕೈಗೆ ಕೊಡವ್ವ, ನೀನು ಸ್ವಲ್ಪ ಕೂತ್ಕೊ” ಎಂದರು. ಅಂದು ನಾವು ಔಷಧಿಯ ಚೀಟಿಯನ್ನು ಬರೆಯಲಿಲ್ಲ; ತಾಯಿ ಕಾರ್ಡಿನಲ್ಲಿ ಹೆರಿಗೆಗೆ ಗೊತ್ತುಮಾಡಿದ್ದ ದಿನಾಂಕದ ಕೆಳಗೆ ಒಂದು ಗೆರೆ ಎಳೆದು ಕೊಟ್ಟೆವು. ನಿಮ್ಮ ಮನೆಯಲ್ಲಿಯೂ ಅಂಥ ಮಗುವಿದ್ದರೆ ಮೊದಲು ಆ ದಿನಾಂಕವನ್ನು ಹುಡುಕಿ.